ಆಚಾರ ತಪ್ಪಿದ ಅರಿವು

ಅರಿವು ಮತ್ತು ಆಚಾರ ಎಂಬ ಎರಡು ಮಾತುಗಳನ್ನು ವೀರಶೈವ ಧರ್ಮವು ಎಂದೂ ಬೇರ್ಪಡಿಸಿ ಹೇಳಿಲ್ಲ. ಅರಿವೆಂದರೆ ತಿಳಿವಳಿಕೆ, ಆಚಾರವೆಂದರೆ ತಿಳಿದುದಕ್ಕೆ ತಕ್ಕ ನಡತೆ. ಇವೆರಡೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳು. ಒಂದು ಎತ್ತು ಮುಂದಕ್ಕೆಳೆದು ಇನ್ನೊಂದು ಹಿಂದುಳಿದರೆ ಬಿತ್ತಿಗೆಯ ಸಾಲು ಸೊಟ್ಟಗಾಗುವುದೆಂಬುದನ್ನು ಎರೆಹೊಲದಲ್ಲಿ ಕೂರಿಗೆ ಹಿಡಿದ ನಮ್ಮ ಭಕ್ತರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇಂದಿನ ಕಾಲದಲ್ಲಿ ಅರಿವಿನ ಎತ್ತಿಗೆ ವಿಜ್ಞಾನವೆಂಬ ಮೇವು ಧಾರಾಳವಾಗಿ ದೊರೆತು ಅದು ಬಲಿಷ್ಠವಾಗಿದೆ. ಆಚಾರದ ಎತ್ತು ಮಾತ್ರ ಕೊಟ್ಟಿಗೆಯ ಮೂಲೆಯಲ್ಲಿ ಬಡಕಲಾಗಿ ನಿಂತಿದೆ. ಈ ಬೇಸಾಯ ಹೇಗೆ ನಡೆದೀತು?

ಇದನ್ನು ಬರಿಯ ತತ್ತ್ವದ ಮಾತಾಗಿ ಹೇಳಿ ಮುಗಿಸುವ ಇಚ್ಛೆ ನಮಗಿಲ್ಲ. ನಮ್ಮ ಕಣ್ಣೆದುರಿಗೇ ನಡೆದ ಒಂದು ಪ್ರಸಂಗವು ಬಹಳ ದಿನಗಳಿಂದ ಮನಸ್ಸಿನಲ್ಲಿ ಕುಳಿತಿದೆ. ಅದನ್ನು ಇಂದು ಸದ್ಭಕ್ತರ ಮುಂದೆ ಬಿಚ್ಚಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದಲ್ಲಿ ಗದಗ ಸಮೀಪದ ನಾಗಾವಿ ಗ್ರಾಮಕ್ಕೆ ಪುರಾಣ ಮಂಗಲದ ನಿಮಿತ್ತ ನಾವು ದಯಮಾಡಿಸಿದ್ದೆವು. ಆ ಊರಿಗೆ ಈಗ ಒಂದು ಹೊಸ ಹೆಸರು ಬಂದಿದೆ. 2016ರಲ್ಲಿ ಸ್ಥಾಪನೆಯಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ನಾಗಾವಿಯ ನೆಲದಲ್ಲಿಯೇ ತಲೆಯೆತ್ತಿ ನಿಂತಿದೆ. ಮಹಾತ್ಮಾ ಗಾಂಧೀಜಿಯವರ ಸಬರಮತಿ ಆಶ್ರಮದ ಪ್ರತಿರೂಪವನ್ನೂ ಅಲ್ಲಿ ಕಟ್ಟಿದ್ದಾರೆ. ಹಳ್ಳಿಯ ಮಕ್ಕಳು ಹಳ್ಳಿಯಲ್ಲಿಯೇ ಉನ್ನತ ವಿದ್ಯೆ ಕಲಿಯುವಂತಾದುದನ್ನು ಕಂಡು ನಾವು ಅಂದು ಸಂತೋಷಪಟ್ಟಿದ್ದೆವು.

ಮಂಗಲ ಮುಗಿದು ಪ್ರಸಾದವಾಯಿತು. ಬೇರೊಂದು ಊರಿನಿಂದ ಬಂದಿದ್ದ ಹಿರಿಯ ಭಕ್ತರೊಬ್ಬರು ಜನವೆಲ್ಲ ಚದುರುವವರೆಗೆ ಕಾದು ಕುಳಿತು, ಬಳಿಕ ಸೊಸೆಯನ್ನು ಮುಂದೆ ಮಾಡಿಕೊಂಡು ಬಂದು ಪಾದಕ್ಕೆರಗಿದರು. ಹಿಂದೆ ಅವರ ಧರ್ಮಪತ್ನಿ. ಸೊಸೆಯ ಸೆರಗು ಹಿಡಿದುಕೊಂಡು ಎರಡು ಹೆಣ್ಣುಮಕ್ಕಳು. ಹಿರಿಯರು ದನಿ ತಗ್ಗಿಸಿ ಹೇಳಿದರು: “ಅಜ್ಜಾರ, ಈಗ ನಾಕ ತಿಂಗಳ ತುಂಬ್ಯಾವ್ರಿ. ಹೊರಗ ಒಂದ ಕಡೆ ಮಷೀನ್‌ದಾಗ ತೋರಿಸಿಕೊಂಡ ಬಂದೇವ್ರಿ. ಇದೂ ಹೆಣ್ಣ ಅಂತ್ರಿ. ಮುಂದೇನ ಮಾಡೂಣು, ನೀವ ಅಪ್ಪಣಿ ಕೊಡ್ರಿ.”

ಅವರನ್ನು ಕೆಟ್ಟವರೆಂದು ಯಾರೂ ಭಾವಿಸಬಾರದು. ಸೋಮವಾರ ತಪ್ಪದೆ ಮಠಕ್ಕೆ ಬರುವವರು. ಸುಗ್ಗಿಯಾದೊಡನೆ ದಾಸೋಹಕ್ಕೆ ಜೋಳದ ಚೀಲ ಇಳಿಸಿ ಹೋಗುವವರು. ಇರುವೆಯ ಗೂಡಿಗೆ ಸಕ್ಕರೆ ಹಾಕುವುದನ್ನು ನಾವೇ ನೋಡಿದ್ದೇವೆ. ಅಂಥವರು ಒಂದು ಜೀವವನ್ನು ತೆಗೆಯಲಿಕ್ಕೆ ಗುರುವಿನ ಅಪ್ಪಣೆ ಕೇಳಲು ಬಂದಿದ್ದರು. ಆ ಸೊಸೆ ಮಾತ್ರ ತಲೆಯೆತ್ತಲಿಲ್ಲ, ಮಾತಾಡಲಿಲ್ಲ. ಅವಳ ಕೈ ಹೊಟ್ಟೆಯ ಮೇಲಿತ್ತು.

ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಇರುವೆಗೆ ಸಕ್ಕರೆ ಹಾಕುವ ಕೈಗೆ ಈ ಕೆಲಸವನ್ನು ಕಲಿಸಿದವರು ಯಾರು? ಯಂತ್ರವೇ? ಯಂತ್ರವನ್ನು ಮಾಡಿದ ವಿಜ್ಞಾನಿಯೇ? ಅಥವಾ ನಾವೇ?

ಮೊದಲು ಯಂತ್ರದ ವಿಚಾರ. ಮನುಷ್ಯನ ಕಿವಿಯು ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದವನ್ನು ಮಾತ್ರ ಕೇಳಬಲ್ಲುದು. ಅದಕ್ಕೂ ಮೇಲಿನ ಶಬ್ದ ನಮಗೆ ಕೇಳಿಸದು, ಬಾವಲಿಗೆ ಕೇಳಿಸುತ್ತದೆ. ಸ್ಕ್ಯಾನಿಂಗ್ ಯಂತ್ರವು ಇಂಥ ಕೇಳಿಸದ ಶಬ್ದವನ್ನು, ಸೆಕೆಂಡಿಗೆ 20 ಲಕ್ಷಕ್ಕೂ ಮೇಲ್ಪಟ್ಟ ಕಂಪನಗಳಲ್ಲಿ, ತಾಯಿಯ ಉದರದೊಳಗೆ ಕಳಿಸುತ್ತದೆ. ಲಕ್ಕುಂಡಿಯ ಹಳೆಯ ಬಾವಿಯ ದಂಡೆಯ ಮೇಲೆ ನಿಂತು ಕೂಗಿದರೆ ನಮ್ಮ ದನಿ ಗೋಡೆಗೆ ತಾಗಿ ಮರಳಿ ಬರುವಂತೆ, ಆ ಶಬ್ದವು ಕೂಸಿನ ಮೈಗೆ ತಾಗಿ ಮರಳುತ್ತದೆ. ಮರಳಿ ಬಂದುದನ್ನು ಯಂತ್ರವು ಚಿತ್ರವಾಗಿ ತೋರಿಸುತ್ತದೆ. ಇಷ್ಟೇ ಅದರ ಗುಟ್ಟು.

ಈ ವಿದ್ಯೆಯು ನಡೆದುಬಂದ ದಾರಿ ವಿಚಿತ್ರವಾದುದು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಸಮುದ್ರದೊಳಗೆ ಅಡಗಿದ ಜಲಾಂತರ್ಗಾಮಿ ಹಡಗುಗಳನ್ನು ಹುಡುಕಲು ಪಾಲ್ ಲಾಂಜವಾನ್ ಎಂಬ ಫ್ರೆಂಚ್ ವಿಜ್ಞಾನಿಯು ಮರಳುವ ಶಬ್ದವನ್ನು ಬಳಸುವ ಉಪಾಯವನ್ನು ಕಂಡುಹಿಡಿದನು. ಮುಂದೆ ಕಾರ್ಖಾನೆಗಳಲ್ಲಿ ಲೋಹದೊಳಗಿನ ಬಿರುಕನ್ನು ಪತ್ತೆ ಮಾಡಲು ಅದೇ ಉಪಾಯ ಬಳಕೆಗೆ ಬಂದಿತು. 1955ರಲ್ಲಿ ಸ್ಕಾಟ್ಲಂಡಿನ ಗ್ಲಾಸ್ಗೋ ನಗರದ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್ ಎಂಬವರು ಬಾಯ್ಲರ್ ಕಾರ್ಖಾನೆಯೊಂದರ ಅಂಥ ಯಂತ್ರದಿಂದ ಶರೀರದ ಗಡ್ಡೆಗಳನ್ನು ಪರೀಕ್ಷಿಸಿದರು. 1958ರಲ್ಲಿ ತಮ್ಮ ಸಂಶೋಧನೆಯನ್ನು ಜಗತ್ತಿಗೆ ಪ್ರಕಟಿಸಿದರು. ಯುದ್ಧಕ್ಕೆ ಹುಟ್ಟಿದ ವಿದ್ಯೆಯು ಹೀಗೆ ತೊಟ್ಟಿಲಿನ ಸೇವೆಗೆ ಬಂದಿತು. ಕೂಸು ಅಡ್ಡ ತಿರುಗಿದ್ದರೆ, ಮಾಸು ಕೆಳಗಿದ್ದರೆ, ಅವಳಿಜವಳಿ ಇದ್ದರೆ ಮೊದಲೇ ತಿಳಿದು ತಾಯಿ ಮಕ್ಕಳಿಬ್ಬರೂ ಬದುಕಿಕೊಂಡ ಮನೆಗಳು ಇಂದು ನಮ್ಮ ಪ್ರತಿ ಹಳ್ಳಿಯಲ್ಲಿವೆ. ಇಂಥ ವಿಜ್ಞಾನಕ್ಕೆ ನಾವು ನಮಸ್ಕರಿಸುತ್ತೇವೆ.

ಇನ್ನೊಂದು ಮಾತನ್ನು ಭಕ್ತರು ಗಮನಿಸಬೇಕು. ಅದೇ ಇಯಾನ್ ಡೊನಾಲ್ಡರು ದೈವಭಕ್ತರು. 1967ರಲ್ಲಿ ಅವರ ದೇಶದಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬಂದಾಗ ಬಹಿರಂಗವಾಗಿ ವಿರೋಧಿಸಿದವರಲ್ಲಿ ಅವರೂ ಒಬ್ಬರು. ಗರ್ಭದಲ್ಲಿರುವುದು ಜೀವವೆಂಬುದಕ್ಕೆ ತಮ್ಮ ಯಂತ್ರದ ಚಿತ್ರಗಳನ್ನೇ ಸಾಕ್ಷಿಯಾಗಿ ತೋರಿಸಿದರು. ಯಾರು ಜೀವವನ್ನು ಕಾಣಲೆಂದು ಯಂತ್ರ ಮಾಡಿದರೋ ಅವರ ಯಂತ್ರದಿಂದಲೇ ನಮ್ಮ ನಾಡಿನಲ್ಲಿ ಜೀವ ತೆಗೆಯಲಾಯಿತು. ಶಬ್ದ ಒಂದೇ, ಯಂತ್ರ ಒಂದೇ. ಹಿಡಿದ ಕೈ ಬೇರೆ, ಕೇಳಿದ ಪ್ರಶ್ನೆ ಬೇರೆ.

ವಿಜ್ಞಾನಕ್ಕೆ ನೀತಿಯೇ ಇಲ್ಲವೆಂದು ನಾವು ಹೇಳುವವರಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು, ತಪ್ಪಾದರೆ ಒಪ್ಪಿಕೊಳ್ಳುವುದು ವಿಜ್ಞಾನಿಯ ಆಚಾರ. ಲೆಕ್ಕವನ್ನು ತಿದ್ದಿದವನು ವಿಜ್ಞಾನಿಯಲ್ಲ. ಆದರೆ ಸತ್ಯವೊಂದಿದ್ದರೆ ಸಾಕೇ? ಆ ಹಿರಿಯ ಭಕ್ತರ ಸೊಸೆಯ ವಿಷಯದಲ್ಲಿ ಯಂತ್ರವು ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಸತ್ಯವೇ. ಆ ಸತ್ಯವೇ ಕತ್ತಿಯಾಗಿ ಕೂಸಿನ ಕೊರಳಿಗೆ ಬಂದಿತ್ತು.

ಮಹಾಭಾರತದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆಯಿದೆ. ಸತ್ಯವನ್ನೇ ನುಡಿಯುತ್ತೇನೆಂಬ ವ್ರತ ಅವನದು. ಕಳ್ಳರಿಗೆ ಹೆದರಿ ಕೆಲವರು ಅವನ ಆಶ್ರಮದ ಬಳಿಯ ಕಾಡಿನಲ್ಲಿ ಅಡಗಿದರು. ಬೆನ್ನಟ್ಟಿ ಬಂದ ಕಳ್ಳರು ಕೇಳಿದಾಗ ತನ್ನ ವ್ರತ ಕೆಡಬಾರದೆಂದು ಅವನು ಅವರಿದ್ದ ಜಾಗವನ್ನು ತೋರಿಸಿಬಿಟ್ಟನು. ಅವರು ಹತರಾದರು. ಸತ್ಯ ನುಡಿದ ಕೌಶಿಕನು ನರಕಕ್ಕೆ ಹೋದನೆಂದು ಶ್ರೀಕೃಷ್ಣನೇ ಹೇಳುತ್ತಾನೆ. ದಯೆಯನ್ನು ಬಿಟ್ಟ ಸತ್ಯವು ಧರ್ಮವಾಗದು. ಸ್ಕ್ಯಾನಿಂಗ್ ಕೊಠಡಿಯಲ್ಲಿ ಕುಳಿತು “ಹೆಣ್ಣು” ಎಂದು ಸನ್ನೆ ಮಾಡುವವನು ಇಂದಿನ ಕೌಶಿಕ. ಅವನಿಗೆ ವ್ರತವೂ ಇಲ್ಲ, ಹಣವೊಂದಿದೆ.

ನಮ್ಮ ದೇಶದ ಕಾನೂನು ಇದನ್ನು ಅರಿತೇ ರಚಿತವಾಗಿದೆ. 1970ರ ದಶಕದಲ್ಲಿ ಗರ್ಭಜಲದ ಪರೀಕ್ಷೆಯು ಭಾರತಕ್ಕೆ ಬಂದಿತು. ಮಕ್ಕಳಿಗೆ ಬರುವ ವಂಶಪಾರಂಪರ್ಯದ ರೋಗಗಳನ್ನು ಕಂಡುಕೊಳ್ಳುವುದು ಅದರ ಉದ್ದೇಶ. ಕೆಲವೇ ವರ್ಷಗಳಲ್ಲಿ ಹೆಣ್ಣನ್ನು ಕಂಡುಕೊಳ್ಳುವುದೇ ಅದರ ವ್ಯಾಪಾರವಾಯಿತು. 1988ರಲ್ಲಿ ಮಹಾರಾಷ್ಟ್ರವು ಮೊದಲಿಗೆ ಕಾಯಿದೆ ಮಾಡಿತು. 1994ರಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಯನ್ನು ಅಂಗೀಕರಿಸಿ, ಅದು 1996ರ ಜನವರಿ 1ರಿಂದ ಜಾರಿಗೆ ಬಂದಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಗರ್ಭಸ್ಥ ಶಿಶು ಗಂಡೋ ಹೆಣ್ಣೋ ಎಂಬುದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವುದು ಅಪರಾಧ. ಹೇಳಿದ ವೈದ್ಯನಿಗೆ ಮಾತ್ರವಲ್ಲ, ಕೇಳಿದವರಿಗೂ ಮೂರು ವರ್ಷಗಳವರೆಗೆ ಸೆರೆವಾಸವಿದೆ.

ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. ಊರ ಹಿರಿಯರು ಅದನ್ನು ಲಕ್ಷ್ಯವಿಟ್ಟು ಓದಬೇಕು. ಗರ್ಭಿಣಿಯು ಇಂಥ ಪರೀಕ್ಷೆಗೆ ಒಳಗಾದರೆ ಗಂಡನು ಅಥವಾ ಬಂಧುಗಳು ಅವಳನ್ನು ಬಲವಂತಪಡಿಸಿದರೆಂದೇ ನ್ಯಾಯಾಲಯವು ಭಾವಿಸುವುದು. ಹಾಗಲ್ಲವೆಂದು ತೋರಿಸುವ ಭಾರ ಎದುರಿನವರದು. ಅಂದರೆ ಕಾನೂನು ಮಾಡಿದವರಿಗೆ ನಮ್ಮ ಮನೆಗಳ ಒಳಮನೆಯಲ್ಲಿ ನಡೆಯುವುದು ಗೊತ್ತಿತ್ತು. ತಲೆ ತಗ್ಗಿಸಿ ನಿಂತ ಆ ಸೊಸೆಯನ್ನು ಅವರು ನಮಗಿಂತ ಮೊದಲೇ ನೋಡಿದ್ದರು.

ಕಾನೂನು ಇದ್ದೂ ಏನಾಯಿತು? ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿ 1991ರ ಜನಗಣತಿಯಂತೆ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಅದು 927ಕ್ಕೂ 2011ರಲ್ಲಿ 919ಕ್ಕೂ ಇಳಿಯಿತು. ಕರ್ನಾಟಕದಲ್ಲಿ 1991ರಲ್ಲಿ 960 ಇದ್ದುದು 2001ರಲ್ಲಿ 946 ಆಗಿ, 2011ರಲ್ಲಿ 948ರಲ್ಲಿ ನಿಂತಿತು. ದೇಶಕ್ಕಿಂತ ನಾವು ವಾಸಿ ಎಂದು ಯಾರಾದರೂ ಸಮಾಧಾನಪಟ್ಟುಕೊಂಡರೆ ಅವರಿಗೆ ಮೂರು ಊರುಗಳ ಹೆಸರು ಹೇಳುತ್ತೇವೆ.

2017ರಲ್ಲಿ ನಮ್ಮ ಗಡಿಗೆ ಹೊಂದಿದ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ ಗರ್ಭಪಾತದಿಂದ ಒಬ್ಬ ಹೆಣ್ಣುಮಗಳು ತೀರಿಕೊಂಡಳು. ತನಿಖೆಗೆಂದು ಹೋದ ಪೊಲೀಸರಿಗೆ ಮಣ್ಣಿನಲ್ಲಿ ಹೂತ 19 ಭ್ರೂಣಗಳು ಸಿಕ್ಕವು. 2022ರ ಜೂನ್‌ನಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ತುಂಬಿ ಹಳ್ಳಕ್ಕೆ ಎಸೆದ ಏಳು ಭ್ರೂಣಗಳು ಜನರ ಕಣ್ಣಿಗೆ ಬಿದ್ದವು. 2023ರಲ್ಲಿ ಬೆಂಗಳೂರಿನ ಪೊಲೀಸರು ಹಿಡಿದ ಜಾಲವೊಂದರ ಜಾಡು ಮಂಡ್ಯ ಜಿಲ್ಲೆಯ ಆಲೆಮನೆಯವರೆಗೆ ಹೋಯಿತು. ಬೆಲ್ಲ ಬೇಯಿಸುವ ಆ ಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣಗಳನ್ನು ಆರಿಸಲಾಗುತ್ತಿತ್ತೆಂದೂ ನೂರಾರು ಗರ್ಭಗಳು ಹೋದವೆಂದೂ ಪೊಲೀಸರು ಹೇಳಿದರು. ಸರ್ಕಾರವು ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಕೂಸು ಹುಟ್ಟಿದರೆ ಬೆಲ್ಲ ಹಂಚುವ ನಾಡಿನಲ್ಲಿ ಬೆಲ್ಲದ ಮನೆಯೇ ಕೂಸಿನ ಮಸಣವಾದ ಸುದ್ದಿಯನ್ನು ಓದಿದ ದಿನ ನಾವು ಪತ್ರಿಕೆಯನ್ನು ಮಡಿಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು.

ಅದೇ 2023ರ ಫೆಬ್ರುವರಿಯಲ್ಲಿ ಅದೇ ಮಂಡ್ಯ ಜಿಲ್ಲೆಯಿಂದ ಮದುವೆಯಾಗದ ತರುಣರು ತಮಗೆ ಕನ್ಯೆ ದೊರೆಯಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದರು. ಒಕ್ಕಲುತನ ಮಾಡುವ ಹುಡುಗನಿಗೆ ಹೆಣ್ಣು ಸಿಗದಿರಲು ಬೇರೆ ಕಾರಣಗಳೂ ಇವೆ, ಬಲ್ಲೆವು. ಆದಾಗ್ಯೂ ಒಂದು ನಾಡಿನಲ್ಲಿ ಒಂದೇ ವರ್ಷ ಒಂದು ಕಡೆ ಹೆಣ್ಣನ್ನು ಬೇಡಿ ದೇವರ ಗುಡ್ಡ ಹತ್ತುವುದು, ಇನ್ನೊಂದು ಕಡೆ ಹೆಣ್ಣನ್ನು ಬೇಡವೆಂದು ಮಣ್ಣು ಮಾಡುವುದು ನಡೆಯಿತಲ್ಲ, ಮಾದಪ್ಪನು ಯಾರ ಮಾತು ಕೇಳಬೇಕು?

ಇಲ್ಲಿ ವೀರಶೈವರಾದ ನಾವು ನಮ್ಮ ಧರ್ಮವನ್ನು ನೆನೆಯಬೇಕು. ಗರ್ಭಕ್ಕೆ ಎಂಟನೆಯ ತಿಂಗಳಾದಾಗ ಗುರುವು ತಾಯಿಯ ಮೂಲಕ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಹುಟ್ಟುವ ಮುಂಚೆಯೇ ಕೂಸು ಶಿವನ ಮಗುವೆಂದು ಸಾರಿ, ಹುಟ್ಟಿದ ಮೇಲೆ ಆ ಲಿಂಗವನ್ನು ಅದಕ್ಕೇ ಕಟ್ಟುತ್ತೇವೆ. ಆ ಲಿಂಗವನ್ನು ಕಟ್ಟುವಾಗ ಯಾವ ಗುರುವೂ “ಒಳಗಿರುವುದು ಗಂಡೋ ಹೆಣ್ಣೋ” ಎಂದು ಕೇಳಿದ್ದಿಲ್ಲ. ಹೆಣ್ಣಿಗೊಂದು ಲಿಂಗ, ಗಂಡಿಗೊಂದು ಲಿಂಗ ಎಂದು ನಮ್ಮ ಶಾಸ್ತ್ರದಲ್ಲಿಲ್ಲ. ಸರ್ಕಾರದವರು ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂದು ಫಲಕ ಹಾಕಿಸಿದ್ದಾರೆ. ಆ ಫಲಕವನ್ನು ನೋಡಿದಾಗಲೆಲ್ಲ ನಮಗನಿಸುತ್ತದೆ: ನಾವು ಗರ್ಭಕ್ಕೆ ಲಿಂಗವನ್ನು ಕಟ್ಟುವವರು, ಗರ್ಭದಲ್ಲಿ ಲಿಂಗವನ್ನು ಪತ್ತೆ ಹಚ್ಚುವವರಲ್ಲ. ಲಿಂಗ ಕಟ್ಟಿದ ಗರ್ಭವು ಗುಡಿ. ಗುಡಿಯನ್ನು ಒಡೆದವನು ಹಣೆಗೆ ಎಷ್ಟು ವಿಭೂತಿ ಧರಿಸಿದರೇನು?

ಬಾಲಕ ಬಸವಣ್ಣನವರು ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರ ತನಗೇಕೆಂದು ಕೇಳಿ ಮನೆ ಬಿಟ್ಟರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ನಾಗಮ್ಮನ ಮಗ ಚೆನ್ನಬಸವಣ್ಣನೇ ಷಟ್‌ಸ್ಥಲ ಚಕ್ರವರ್ತಿಯಾದನು. ಗದಗ ಪರಿಸರದಲ್ಲಿಯೇ ನೋಡಿರಿ. ಸಾವಿರ ವರ್ಷಗಳ ಹಿಂದೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಧರ್ಮ ಬೇರೆಯಾದರೂ ಆಕೆ ನಮ್ಮ ನೆಲದ ಮಗಳು. ದಾನಚಿಂತಾಮಣಿ ಎಂಬ ಕೀರ್ತಿ ಪಡೆದದ್ದು ಒಂದು ಹೆಣ್ಣುಕೂಸು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೂ ನೆನೆಯೋಣ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾದಾಗ ಗದುಗಿನ ಬೀದಿಗಳು ಜನರಿಗೆ ಸಾಲದಾದವು. ಯಾವ ಜೀವವು ಬೇಕಾದದ್ದು, ಯಾವುದು ಬೇಡವಾದದ್ದು ಎಂದು ತೀರ್ಪು ಕೊಡುವ ಅಧಿಕಾರ ನಮ್ಮ ಕೈಗೆ ಬಂದರೆ ಎಂಥ ಪ್ರಮಾದವಾದೀತೆಂಬುದಕ್ಕೆ ಆ ಆಶ್ರಮದ ನಾದವೇ ಉತ್ತರ.

ಹಿರಿಯರು ನಮ್ಮೊಡನೆ ವಾದಿಸುವುದುಂಟು. “ಸಂಸಾರದ ಸಂಕಟ ಸ್ವಾಮಿಗಳಿಗೇನ ಗೊತ್ತು” ಎಂದು ಮನಸ್ಸಿನಲ್ಲಿ ಅಂದುಕೊಳ್ಳುವವರೂ ಉಂಟು. ವರದಕ್ಷಿಣೆ ಕೊಟ್ಟು ಹೊಲ ಕಳೆದುಕೊಂಡ ತಂದೆಯ ಕಣ್ಣೀರನ್ನು ನಾವು ನೋಡಿದ್ದೇವೆ, ಅದು ಸುಳ್ಳಲ್ಲ. ಆದರೆ ರೋಗ ವರದಕ್ಷಿಣೆಯದು; ಮದ್ದನ್ನು ಕೂಸಿಗೆ ಕೊಟ್ಟರೆ ರೋಗ ಹೋದೀತೇ? ಮಗನಿಲ್ಲದೆ ಸದ್ಗತಿಯಿಲ್ಲವೆಂಬ ಮಾತಂತೂ ನಮ್ಮದಲ್ಲ. ವೀರಶೈವನಿಗೆ ಮಗನು ಕೊಳ್ಳಿ ಇಡಬೇಕಾಗಿಲ್ಲ, ಪಿಂಡ ಹಾಕಬೇಕಾಗಿಲ್ಲ. ಅಂಗೈಯ ಲಿಂಗದೊಡನೆ ಭೂಮಿತಾಯಿಯ ಮಡಿಲು ಸೇರುವವರು ನಾವು. ಲಿಂಗವೇ ಸದ್ಗತಿ. ಹೊಲಮನೆಗೆ ವಾರಸುದಾರನಿಲ್ಲವೆಂದರೆ, 1994ರಲ್ಲಿಯೇ ಕರ್ನಾಟಕವು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು. 2005ರಲ್ಲಿ ದೇಶವೇ ಕೊಟ್ಟಿತು. ಮಗಳು ವಾರಸುದಾರಳಲ್ಲವೆನ್ನುವುದು ಈಗ ಧರ್ಮದಲ್ಲಿಯೂ ಇಲ್ಲ, ಕಾನೂನಿನಲ್ಲಿಯೂ ಇಲ್ಲ. ನಮ್ಮ ಮನಸ್ಸಿನಲ್ಲಿ ಮಾತ್ರ ಉಳಿದಿದೆ.

ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಅತ್ತೆಯರಿಗೆ ಒಂದು ಮಾತು. 1905ರಲ್ಲಿ ಅಮೆರಿಕೆಯ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಹಿಟ್ಟಿನಲ್ಲಿ ಬೀಳುವ ಹುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಂತತಿಯು ಗಂಡೋ ಹೆಣ್ಣೋ ಎಂಬುದನ್ನು ನಿರ್ಣಯಿಸುವುದು ತಂದೆಯಿಂದ ಬರುವ ಬೀಜವೆಂದು ತೋರಿಸಿದರು. ಮನುಷ್ಯರಲ್ಲಿಯೂ ಅದೇ ನಿಯಮ. ತಾಯಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಇದನ್ನು ಕಂಡುಹಿಡಿದವರೂ ಒಬ್ಬ ಹೆಣ್ಣುಮಗಳೇ. ವಿಜ್ಞಾನದ ಯಂತ್ರ ಬೇಕು, ವಿಜ್ಞಾನದ ಸತ್ಯ ಬೇಡ ಎನ್ನುವುದು ನ್ಯಾಯವೇ? ಆಚಾರವಿಲ್ಲದ ಅರಿವು ಗರ್ಭದ ಕೂಸನ್ನು ಕೊಂದರೆ, ಅರಿವಿಲ್ಲದ ಆಚಾರವು ಮನೆಯ ಸೊಸೆಯನ್ನು ದಿನಾಲೂ ಕೊಲ್ಲುತ್ತದೆ. ನೊಗಕ್ಕೆ ಎರಡೂ ಎತ್ತುಗಳು ಬೇಕೆಂದು ನಾವು ಮೊದಲೇ ಹೇಳಿದ್ದು ಇದಕ್ಕಾಗಿ.

ತಾಯಿಯ ಪ್ರಾಣಕ್ಕೆ ಅಪಾಯವಾದಾಗ ವೈದ್ಯರು ಮಾಡುವ ಚಿಕಿತ್ಸೆಯನ್ನು ಇದರೊಡನೆ ಯಾರೂ ಬೆರೆಸಬಾರದು. 1971ರ ಕಾಯಿದೆಯು ಅದಕ್ಕೆ ಬೇರೆ ದಾರಿಯನ್ನೇ ಇಟ್ಟಿದೆ. ನಾವು ಹೇಳುತ್ತಿರುವುದು ಹೆಣ್ಣೆಂಬ ಒಂದೇ ಕಾರಣಕ್ಕೆ ನಡೆಯುವ ಹತ್ಯೆಯ ವಿಷಯ.

ವೈದ್ಯರಿಗೂ ನಮ್ಮ ಬಿನ್ನಹವಿದೆ. ಶರಣರ ಗಣದಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ಅವರಿಗೆ ನಾಡಿ ಹಿಡಿಯುವುದು ಕಾಯಕವಾಗಿತ್ತು. ಕಾಯಕಕ್ಕೂ ಗಳಿಕೆಗೂ ಇರುವ ಅಂತರ ಒಂದೇ: ಕಾಯಕದಿಂದ ಬಂದ ಹಣವನ್ನು ಲಿಂಗದ ಮುಂದೆ ಇಡಬಹುದು. ಭ್ರೂಣಲಿಂಗವನ್ನು ಹೇಳಿ ಪಡೆದ ಹಣವನ್ನು ಯಾವ ಲಿಂಗದ ಮುಂದೆ ಇಡುವಿರಿ? ಗಾಂಧೀಜಿಯವರು 1925ರಲ್ಲಿ ಸ್ನೇಹಿತರೊಬ್ಬರು ಕಳಿಸಿದ್ದ ಏಳು ಸಾಮಾಜಿಕ ಪಾತಕಗಳ ಪಟ್ಟಿಯನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಮಾನವೀಯತೆಯನ್ನು ಬಿಟ್ಟ ವಿಜ್ಞಾನವು ಅವುಗಳಲ್ಲೊಂದು. ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಕಲಿಯುವ ನಮ್ಮ ಮಕ್ಕಳು ಅಲ್ಲಿಯ ಆಶ್ರಮದ ಅಂಗಳದಲ್ಲಿ ಕುಳಿತಾಗ ಆ ಮಾತನ್ನು ನೆನೆಯಲಿ. ‘ಇದನ್ನು ಮಾಡಬಲ್ಲೆವೇ’ ಎಂಬ ಪ್ರಶ್ನೆಗೆ ಪ್ರಯೋಗಶಾಲೆ ಉತ್ತರ ಕೊಡುತ್ತದೆ. ‘ಇದನ್ನು ಮಾಡಬಹುದೇ’ ಎಂಬ ಪ್ರಶ್ನೆಯನ್ನು ಅವರವರ ಅಂತಃಸಾಕ್ಷಿಯೇ ಕೇಳಬೇಕು.

ಪರರಿಗೆ ಹೇಳಿದ್ದಾಯಿತು. ಇನ್ನು ನಮ್ಮ ಮಾತು. ಆ ರಾತ್ರಿ ನಿದ್ರೆ ಬಾರದಿದ್ದುದಕ್ಕೆ ನಿಜವಾದ ಕಾರಣ ಬೇರೆಯೇ ಇತ್ತು. ಮಠಕ್ಕೆ ಬಂದ ಗರ್ಭಿಣಿಯರಿಗೆ “ಗಂಡು ಸಂತಾನವಾಗಲಿ” ಎಂದು ನಾವು ಎಷ್ಟು ಸಲ ಹರಸಿಲ್ಲ! ಗಂಡು ಹುಟ್ಟಿದ ಮನೆಯಿಂದ ಮಠಕ್ಕೆ ಪೇಡೆಯ ಡಬ್ಬಿ ಬರುತ್ತದೆ, ಹೆಣ್ಣು ಹುಟ್ಟಿದ ಮನೆಯಿಂದ ಬರುವುದಿಲ್ಲ. ಬಂದುದನ್ನು ಸ್ವೀಕರಿಸಿದೆವು, ಬಾರದುದನ್ನು ಏಕೆ ಬರಲಿಲ್ಲವೆಂದು ಒಂದು ದಿನವೂ ಕೇಳಲಿಲ್ಲ. ಗುರುವಿನ ಹರಕೆಯಲ್ಲಿಯೇ ಹೆಣ್ಣು ಬೇಡವೆಂಬ ಭಾವ ಅಡಗಿದ್ದರೆ ಶಿಷ್ಯನು ಅಪ್ಪಣೆ ಕೇಳಲು ಬಂದುದರಲ್ಲಿ ಆಶ್ಚರ್ಯವೇನು? ಯಂತ್ರಕ್ಕೆ ಆ ಪ್ರಶ್ನೆಯನ್ನು ಕಲಿಸಿದವರಲ್ಲಿ ನಾವೂ ಒಬ್ಬರು. ಇದನ್ನು ಬರೆಯಲು ನಮಗೆ ಸಂಕೋಚವಿಲ್ಲ, ಬರೆಯದಿದ್ದರೆ ಪಾಪ.

ಮರುದಿನ ಬೆಳಗಿನ ಪೂಜೆಗೆ ಆ ಮನೆಯವರನ್ನು ಕರೆಸಿದೆವು. ಹಿರಿಯರಿಗೆ ಹೇಳಿದೆವು: “ಎಂಟನೆಯ ತಿಂಗಳಿಗೆ ಸೊಸೆಯನ್ನು ಮಠಕ್ಕೆ ಕರೆತನ್ನಿರಿ. ಈ ಕೂಸಿಗೆ ಲಿಂಗ ಕಟ್ಟುವವರು ನಾವೇ. ಅಲ್ಲಿಯವರೆಗೆ ಇದು ಮಠದ ಕೂಸು.” ಅವರು ಮಾತಾಡಲಿಲ್ಲ. ಆಗ ಅವರ ಧರ್ಮಪತ್ನಿಯೇ ಸೊಸೆಯ ತಲೆಯ ಮೇಲಿನ ಸೆರಗನ್ನು ಸರಿ ಮಾಡಿ, “ನಡೀ ಯವ್ವಾ, ಹೊತ್ತಾತು” ಎಂದರು. ಅಷ್ಟೇ. ಆ ಯಂತ್ರದ ಕೇಂದ್ರದ ವಿಷಯವನ್ನು ತಿಳಿಸಬೇಕಾದವರಿಗೆ ತಿಳಿಸಿದೆವು.

ಹೇಳಿದ ತಿಂಗಳಿಗೆ ಅವರು ಬಂದರು. ಕುಬಸದ ಹಸಿರು ಸೀರೆಯಲ್ಲಿಯೇ ಬಂದ ಆ ಮಗಳಿಗೆ ಲಿಂಗಧಾರಣೆಯಾಯಿತು. ಮುಂದಿನ ಬಸವ ಜಯಂತಿಗೆ ಹಿರಿಯರು ಕೂಸನ್ನೆತ್ತಿಕೊಂಡು ಮಠದ ಮೆಟ್ಟಿಲು ಹತ್ತಿದರು. ಅವರ ಮುಖದಲ್ಲಿ ನಗುವಿತ್ತೆಂದು ನಾವು ಹೇಳಲಾರೆವು. ಕೂಸನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದರು.

ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದಿದೆ. ತಪ್ಪು ಕಣ್ಣೆದುರು ನಡೆದಾಗ ಸುಮ್ಮನಿರದೆ ತಡೆಯುವುದೇ ಗಣಾಚಾರ. ಊರ ಹಿರಿಯರಿಗೆ ಇಂದು ಅದು ಬೇಕಾಗಿದೆ. ಓಣಿಯಲ್ಲಿ ಯಾರಾದರೂ “ತೋರಿಸಿಕೊಂಡು ಬರತೇವಿ” ಎಂದು ಹೊರಟರೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಎದ್ದು ನಿಂತು ಕೇಳಬೇಕು. ಇನ್ನು ಮುಂದೆ ನಮ್ಮ ಬಾಯಿಂದ ಗಂಡು ಸಂತಾನದ ಹರಕೆ ಬರುವುದಿಲ್ಲ. ಸುಸಂತಾನದ ಹರಕೆಯೊಂದೇ ಬರುವುದು. ಗರ್ಭಿಣಿಯರಿರುವ ಮನೆಯವರು ಎಂಟನೆಯ ತಿಂಗಳಲ್ಲಿ ಮಠಕ್ಕೆ ಬರಲಿ. ಹೆಣ್ಣು ಹುಟ್ಟಿದ ಮನೆಯವರು ಪೇಡೆಯ ಡಬ್ಬಿಯನ್ನು ಮರೆಯದೆ ತರಲಿ. ನಾವು ಅದನ್ನು ಗದ್ದುಗೆಯ ಮುಂದಿಟ್ಟು ಎಲ್ಲರಿಗೂ ಹಂಚಿಸುತ್ತೇವೆ.

ಅರಿವು ಬೆಳೆಯಲಿ, ಆಚಾರ ಅದರ ಜೊತೆಗೂಡಲಿ, ಪ್ರತಿ ಮನೆಯ ತೊಟ್ಟಿಲು ತೂಗಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಸನ್ಮಂಗಳವಾಗಲಿ.